ಚಡ್ಡಿಗೂ ಇಸ್ತ್ರಿ

ಆಫ್ರಿಕಾ ಕಂಡು ಬಂದವನು ಎಂಬ ಬಿರುದು ಮಂಡ್ಯ ಸೀಮೆಯ ನಮ್ಮ ಕೊತ್ತತ್ತಿಯಲ್ಲಿ ಒಮ್ಮೆ ಅಂಟಿಕೊಂಡರೆ ಮುಗಿಯಿತು, ಉಜ್ಜಿದರೂ ಹೋಗುವುದಿಲ್ಲ. ನಾನಿದ್ದದ್ದು ಕ್ಯಾಮರೂನಿನಲ್ಲಿ, ರಾಜಧಾನಿ ಯಾವುಂಡೆಯ ಉತ್ತರಕ್ಕೆ, ಎಂಬಂಜಾಕ್ ಕಡೆಯ ಕಬ್ಬಿನ ಸೀಮೆಯಲ್ಲಿ. ಕಬ್ಬಿನ ಗದ್ದೆಯಲ್ಲೇ ಹುಟ್ಟಿದವನು ಅಷ್ಟು ದೂರ ಹೋಗಿ ಮತ್ತೆ ಕಬ್ಬಿನ ಗದ್ದೆಯನ್ನೇ ನೋಡಿಕೊಂಡು ಬಂದೆ. ಕಾರ್ಖಾನೆಯ ಬಾಯ್ಲರ್ ಮುಂದೆ ಬೆವರು ಸುರಿಸಿದ್ದೇ ನನ್ನ ಸಾಹಸ. ಆದರೆ ಊರಿನವರ ಲೆಕ್ಕ ಬೇರೆ. ಯಾರದಾದರೂ ಮಗಳು ಜರ್ಮನಿಗೆ ಓದಲು ಹೊರಟರೂ ಸಲಹೆಗೆ ನನ್ನ ಜಗಲಿಗೇ ಬರುತ್ತಾರೆ. ಸಿಂಹದ ನಾಡಲ್ಲಿ ಬಾಳಿ ಬಂದವನಿಗೆ ಜರ್ಮನಿ ಯಾವ ಮಹಾ?

ಮೊನ್ನೆ ಬಂದದ್ದು ಮಾತ್ರ ಅಸಲಿ ಗಿರಾಕಿ. ನಮ್ಮ ಬೀದಿಯ ಹುಡುಗನಿಗೆ ಅದೇ ಕ್ಯಾಮರೂನಿನಲ್ಲಿ ಕೆಲಸ ಸಿಕ್ಕಿತ್ತು. ಜೊತೆಗೆ ಅವನ ತಾಯಿ, ಸೋದರಮಾವ, ಕಾಫಿ ವಾಸನೆ ಹಿಡಿದು ಬಂದ ಇನ್ನೂ ಕೆಲವರು.

"ಅಣ್ಣಯ್ಯ, ಅಲ್ಲಿ ಸಿಂಹ ಬೀದಿಗೇ ಬತ್ತವಂತಲ್ಲ?" ಎಂದು ತಾಯಿ ಶುರು ಮಾಡಿದಳು.

"ಸಿಂಹ ಇರೋದು ಉತ್ತರದ ಕಾಡಿನಲ್ಲಿ ಕನವ್ವ. ನೋಡಬೇಕು ಅಂದ್ರೆ ನಾವೇ ದುಡ್ಡು ಕೊಟ್ಟು ಹೋಗ್ಬೇಕು. ನೀವು ಹೆದರಬೇಕಾದ್ದು ನೊಣಕ್ಕೆ."

ಎಲ್ಲರ ಮುಖವೂ ಸಪ್ಪಗಾಯಿತು. ಅಷ್ಟು ದೂರ ಹೋಗಿ ನೊಣಕ್ಕೆ ಹೆದರಿದೆ ಎಂದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಆದರೂ ಬಿಡಿಸಿ ಹೇಳಿದೆ. ಅಲ್ಲಿ ಮ್ಯಾಂಗೋ ಫ್ಲೈ ಎಂಬ ನೊಣವಿದೆ. ನೆರಳಲ್ಲಿ ಒಣಗಲು ಹಾಕಿದ ಒದ್ದೆ ಬಟ್ಟೆ ಕಂಡರೆ ಅದಕ್ಕೆ ಬಾಣಂತಿ ಕೋಣೆ ಕಂಡ ಹಾಗೆ. ಮೊಟ್ಟೆ ಇಟ್ಟು ಹೋಗುತ್ತದೆ. ನಾವು ಆ ಬಟ್ಟೆ ತೊಟ್ಟರೆ ಮರಿಹುಳು ಚರ್ಮದೊಳಗೆ ಇಳಿದು, ಮೇಲೆ ಕುರುವಿನ ಹಾಗೆ ಊದಿಕೊಳ್ಳುತ್ತದೆ. ಕುರುವಿನ ನೆತ್ತಿಯ ಮೇಲೆ ಸಣ್ಣ ತೂತು. ಒಳಗಿರುವವನು ಉಸಿರಾಡುವುದು ಅಲ್ಲಿಂದ. ಆ ತೂತಿಗೆ ವ್ಯಾಸಲೀನ್ ಮೆತ್ತಿದರೆ ಉಸಿರುಗಟ್ಟಿ ತಲೆ ಹೊರಗೆ ಹಾಕುತ್ತಾನೆ. ಆಗ ಮೆಲ್ಲಗೆ ಹಿಸುಕಿ ತೆಗೆಯಬೇಕು. ಇದೆಲ್ಲ ಬೇಡ ಎಂದರೆ ಒಂದೇ ದಾರಿ. ಹೊರಗೆ ಒಣಗಿದ ಪ್ರತಿ ಬಟ್ಟೆಗೂ ಬಿಸಿ ಇಸ್ತ್ರಿ ತಿಕ್ಕಬೇಕು: ಟವೆಲ್ಲು, ಬನಿಯನ್ನು, ಕಾಲುಚೀಲ, ಮುಖ್ಯವಾಗಿ ಚಡ್ಡಿ. ಎಲಾಸ್ಟಿಕ್ಕಿನ ಮಡಿಕೆಯನ್ನಂತೂ ಬಿಡಲೇಬಾರದು.

ಜಗಲಿ ಒಂದು ಗಳಿಗೆ ಮೌನ. ಆಮೇಲೆ ತಾಯಿ ಹಣೆ ಚಚ್ಚಿಕೊಂಡಳು. "ಅಕ್ಕನ ಮದ್ವೇಲಿ ಶರಟಿಗೇ ಇಸ್ತ್ರಿ ಹಾಕ್ದೋನಲ್ಲ, ಇವ ಚಡ್ಡಿಗೆ ಹಾಕಾನಾ?"

ಸೋದರಮಾವ ಆಗಲೇ ಮಂಡ್ಯದ ಅಂಗಡಿಗೆ ಫೋನ್ ಹಚ್ಚುತ್ತಿದ್ದ. ಇಲ್ಲಿಂದ ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ ಎಂದೆ. ಕರೆಂಟು ಹೆಚ್ಚುಕಡಿಮೆ ನಮ್ಮಷ್ಟೇ, 220 ವೋಲ್ಟು. ಆದರೆ ಅಲ್ಲಿನ ಸಾಕೆಟ್ಟಿಗೆ ಎರಡು ದುಂಡು ಕಡ್ಡಿ ಹೋಗುತ್ತವೆಯೇ ಹೊರತು ನಮ್ಮ ಮೂರು ಪಿನ್ನಿನ ಗದೆ ಹೋಗುವುದಿಲ್ಲ. ಮೊಬೈಲ್ ಚಾರ್ಜರ್ ಪರವಾಗಿಲ್ಲ, ನುಸುಳಿಕೊಳ್ಳುತ್ತದೆ.

ಸೊಳ್ಳೆಯ ಮಾತು ಎತ್ತಿದ್ದೇ ತಡ, ಎಲ್ಲರೂ ನಕ್ಕರು. ನಾಲೆ ನೀರು ಕುಡಿದು, ಭತ್ತದ ಗದ್ದೆಯ ಸೊಳ್ಳೆ ಕಡಿಸಿಕೊಂಡು ಬೆಳೆದವರಿಗೆ ಸೊಳ್ಳೆ ಪಾಠವೇ? ನಗು ನಿಲ್ಲಲಿ ಎಂದು ಕಾದೆ. ಈಗ ವಿಶ್ವೇಶ್ವರಯ್ಯ ನಾಲೆ ಎನ್ನುತ್ತೇವಲ್ಲ, ಅದು ಇರ್ವಿನ್ ನಾಲೆಯಾಗಿದ್ದ ಕಾಲದಲ್ಲಿ, 1930ರ ದಶಕದಲ್ಲಿ, ನೀರಿನ ಹಿಂದೆಯೇ ಚಳಿಜ್ವರವೂ ಈ ಸೀಮೆಗೆ ಹರಿದು ಬಂದಿತ್ತು. ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಮಂಡ್ಯದ ಸೊಳ್ಳೆಯ ಬೆನ್ನು ಹತ್ತಿತ್ತು. 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿದ್ದನ್ನು ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ; ಅದೇ ಕಾಲದಲ್ಲಿ ಕಂಬಳಿ ಹೊದ್ದು ಗಡಗಡ ನಡುಗಿದ್ದನ್ನು ಯಾರೂ ಎತ್ತುವುದಿಲ್ಲ. ಕ್ವಿನೈನಿನ ಕಹಿ ನಮ್ಮಜ್ಜಿಗೆ ಕೊನೆಯವರೆಗೂ ನಾಲಗೆಯ ಮೇಲಿತ್ತು. ಹಾಗಲಕಾಯಿಗೆ ಯಾರಾದರೂ ಮುಖ ಸಿಂಡರಿಸಿದರೆ ಆಕೆಗೆ ಎಲ್ಲಿಲ್ಲದ ಕೋಪ.

ಕ್ಯಾಮರೂನಿನಲ್ಲಿ ಈಗಲೂ ಇರುವುದು ಮಲೇರಿಯಾದ ಕೆಟ್ಟ ಜಾತಿ, ಫಾಲ್ಸಿಪಾರಮ್. ಹಳೆಯ ಕ್ಲೋರೋಕ್ವಿನ್‌ಗೆ ಅದು ಸೊಪ್ಪು ಹಾಕುವುದಿಲ್ಲ. ಹೊರಡುವ ಮೊದಲೇ ಡಾಕ್ಟರನ್ನು ಕಂಡು ತಡೆಗುಳಿಗೆ ಬರೆಸಿಕೊಳ್ಳಬೇಕು. ಡಾಕ್ಸಿಸೈಕ್ಲಿನ್ ಕೊಟ್ಟರೆ ದಿನಾ ನುಂಗಬೇಕು, ಊರಿಗೆ ವಾಪಸು ಬಂದ ಮೇಲೂ 4 ವಾರ ಬಿಡುವ ಹಾಗಿಲ್ಲ. ರಾತ್ರಿ ಸೊಳ್ಳೆಪರದೆ ಕಟ್ಟಲೇಬೇಕು.

ಹಳದಿ ಜ್ವರದ ಸೂಜಿ ಇನ್ನೂ ದೊಡ್ಡ ಸಂಗತಿ. ಕೊತ್ತತ್ತಿಯಲ್ಲಿ ಯಾವ ಡಾಕ್ಟರನ್ನು ಕೇಳಿದರೂ ಸಿಗದು. ಸರ್ಕಾರ ಗೊತ್ತು ಮಾಡಿದ ಕೇಂದ್ರಕ್ಕೇ ಹೋಗಿ ಹಾಕಿಸಿಕೊಂಡು ಲಸಿಕೆಯ ಹಳದಿ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆಗೆ ಜೀವ ಬರುವುದು 10 ದಿನ ಕಳೆದ ಮೇಲೆ, ಆದ್ದರಿಂದ ವಿಮಾನದ ಹಿಂದಿನ ದಿನ ಓಡಿದರೆ ಪ್ರಯೋಜನವಿಲ್ಲ. 2016ರಿಂದೀಚೆಗೆ ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಪುಸ್ತಕವಿಲ್ಲದೆ ಅಲ್ಲಿಂದ ಹಿಂತಿರುಗಿದರೆ ನಮ್ಮ ಸರ್ಕಾರವೇ 6 ದಿನದವರೆಗೆ ಬೇರೆ ಕೂಡಿಹಾಕಬಹುದು. "ಅತ್ತೆ ಮನೆಯಾ, ಕೂಡಿಹಾಕಾಕೆ?" ಎಂದ ಸೋದರಮಾವ. ಅತ್ತೆ ಮನೆಯಲ್ಲಿ ಕಾಫಿ ಕೊಡುತ್ತಾರೆ ಎಂದೆ.

ದುಡ್ಡು? ನಮ್ಮ ರೂಪಾಯಿ ಅಲ್ಲಿ ಬರೀ ಗಾಂಧೀಜಿ ಚಿತ್ರ. ಯೂರೋ ಒಯ್ಯಬೇಕು; 1 ಯೂರೋಗೆ ಅಲ್ಲಿನ 655.957 ಸಿಎಫ್‌ಎ ಫ್ರಾಂಕ್ ಎಂದು ಶಾಶ್ವತವಾಗಿ ಗೂಟ ಹೊಡೆದಿಟ್ಟಿದ್ದಾರೆ. ಕಷ್ಟವಿರುವುದು ಚಿಲ್ಲರೆಯಲ್ಲಿ. 10,000ದ ನೋಟು ಚಾಚಿದರೆ ಅಂಗಡಿಯವಳು ಹಾವು ಚಾಚಿದ ಹಾಗೆ ನೋಡುತ್ತಾಳೆ. ಚಿಲ್ಲರೆ ಕೈಸೇರಿದರೆ ಖರ್ಚು ಮಾಡಬೇಡ, ಬಚ್ಚಿಡು.

ಆ ಚಿಲ್ಲರೆ ಬೇಕಾಗುವುದು ಟ್ಯಾಕ್ಸಿಗೆ. ಯಾವುಂಡೆಯ ಹಳದಿ ಟ್ಯಾಕ್ಸಿ ಎಂದರೆ ನಮ್ಮ ಶೇರ್ ಆಟೋದ ದೊಡ್ಡಣ್ಣ. ರಸ್ತೆಬದಿ ನಿಂತು, ಹೋಗುವ ಜಾಗವನ್ನೂ ಕೊಡುವ ದುಡ್ಡನ್ನೂ ನಾವೇ ಕೂಗಬೇಕು. ಒಪ್ಪಿದರೆ ಡ್ರೈವರ್ ಒಂದು ಸಲ ಹಾರ್ನ್ ಒತ್ತುತ್ತಾನೆ, ಒಪ್ಪದಿದ್ದರೆ ಕತ್ತೂ ತಿರುಗಿಸದೆ ಹೊರಟುಹೋಗುತ್ತಾನೆ. ಇಷ್ಟು ಅಚ್ಚುಕಟ್ಟಾದ ಚೌಕಾಸಿಯನ್ನು ನಾನು ಮಂಡ್ಯದ ಸಂತೆಯಲ್ಲೂ ಕಂಡಿಲ್ಲ. ಹುಡುಗ ಅಲ್ಲೇ ಎದ್ದು ನಿಂತು ಅಭ್ಯಾಸಕ್ಕೆಂದು ಫ್ರೆಂಚಿನಲ್ಲಿ ಏನೋ ಕೂಗಿದ. ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ.

"ಊಟ?" ತಾಯಿ ಇಷ್ಟು ಹೊತ್ತು ಕಾದಿದ್ದೇ ಇದಕ್ಕೆ. ಫುಫು ಇದೆ ಎಂದೆ. ಮರಗೆಣಸಿನ ಹಿಟ್ಟು ತೊಳಸಿ ಕಟ್ಟಿದ ಬಿಳಿ ಉಂಡೆ. ಕೈಯಲ್ಲಿ ಮುರಿದು, ಸೊಪ್ಪಿನ ಸಾರಿಗೆ ಅದ್ದಿ, ಅಗಿಯದೆ ನುಂಗುವುದು. ಬೆಂಗಳೂರಿನ ಹುಡುಗರಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಮುದ್ದೆ ನುಂಗಿ ಬೆಳೆದವರಿಗೆ ಹುಟ್ಟಿನಿಂದಲೇ ತರಬೇತಿ ಆಗಿರುತ್ತದೆ. ಕಹಿಸೊಪ್ಪಿಗೆ ಕಡಲೇಕಾಯಿ ಅರೆದು ಹಾಕುವ ಎಂಡೊಲೆಯನ್ನು ನೆನೆದರೆ ನನಗೆ ಈಗಲೂ ಬಾಯಲ್ಲಿ ನೀರು. ತಾಯಿಗೆ ಸಮಾಧಾನವಾಗಲಿಲ್ಲ. ರಾಗಿಹಿಟ್ಟು ಮಗನ ಜೊತೆ ಹೋಗುವುದು ಖಂಡಿತ. ಹೋಗಲಿ, ಆದರೆ ಕಂದು ಹಿಟ್ಟನ್ನು ಬರೀ ಪ್ಲಾಸ್ಟಿಕ್ ಕವರಿಗೆ ಸುರಿದು ಗಂಟು ಹಾಕಬೇಡಿ, ಹೆಸರು ಅಚ್ಚಾದ ಅಂಗಡಿ ಪೊಟ್ಟಣವನ್ನೇ ಒಯ್ಯಿರಿ ಎಂದೆ. ಕಸ್ಟಮ್ಸಿನವರಿಗೆ ಫ್ರೆಂಚಿನಲ್ಲಿ ರಾಗಿಯನ್ನು ವಿವರಿಸುವ ಕಷ್ಟ ನನ್ನ ಶತ್ರುವಿಗೂ ಬೇಡ.

ಛತ್ರಿ ಒಯ್ಯುವ ಮಾತು ಬಂತು. ಮಂಡ್ಯದಲ್ಲಿ ವರ್ಷಕ್ಕೆ 700 ಮಿ.ಮೀ. ಸುತ್ತಮುತ್ತ ಮಳೆಯಾದರೆ ಭಾಗ್ಯ. ಅಲ್ಲಿ ಕಡಲ ಬದಿಯ ಡೆಬುಂಡ್ಶಾ ಎಂಬಲ್ಲಿ 10,000 ಮಿ.ಮೀ. ಆಸುಪಾಸು ಸುರಿಯುತ್ತದೆ, ನಮ್ಮ ಆಗುಂಬೆಯೂ ಅದರ ಮುಂದೆ ತುಂತುರು. ಅಂಥ ಕಡೆ ಛತ್ರಿ ಹಿಡಿಯುವುದು ಕೈಗೆ ಕೆಲಸವಿರಲಿ ಎಂದಷ್ಟೆ.

ಹುಡುಗ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡ. ವಿಮಾನ ನಿಲ್ದಾಣ, ಸೇತುವೆ, ಪೊಲೀಸರು, ಇವರ ಫೋಟೋ ತೆಗೆಯಬೇಡ ಎಂದದ್ದು ಮಾತ್ರ ಅವನಿಗೆ ನುಂಗಲಾರದ ತುತ್ತಾಯಿತು. ಮತ್ತೆ ಸ್ಟೇಟಸ್‌ಗೆ ಏನು ಹಾಕುವುದು?

"ಕೊನೇದು," ಎಂದೆ. "ರಜಕ್ಕೆ ಊರಿಗೆ ಬಂದಾಗ ಜ್ವರ ಬಂದ್ರೆ, ಇಲ್ಲಿನ ಡಾಕ್ಟರಿಗೆ ಬೇರೆ ಏನೂ ಹೇಳೋಕೆ ಮುಂಚೆ ಕ್ಯಾಮರೂನಿಂದ ಬಂದಿದ್ದೀನಿ ಅಂತ ಹೇಳು. ಮರೀಬ್ಯಾಡ."

"ಅದೊಂದು ಯೋಚ್ನೆ ಬ್ಯಾಡ ಬುಡಣ್ಣ," ಎಂದಳು ತಾಯಿ, ಲೋಟ ಕೆಳಗಿಡುತ್ತ. "ಜ್ವರ ಬರ್ಲಿ, ಬುಡ್ಲಿ, ಇವ ಬಸ್ ಕಂಡಕ್ಟರ್‌ಗೂ ಅದ್ನೇ ಹೇಳ್ತಾನೆ."