ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ

ಪ್ರಾತಃಕಾಲದಲ್ಲಿ ದೇವರ ಧ್ಯಾನವನ್ನು ಬದಿಗಿರಿಸಿ ಪದಬಂಧದ ಧ್ಯಾನಕ್ಕೆ ಕುಳಿತವನಿಗೆ, ಯುದ್ಧವಾಗಲಿ ಆಯವ್ಯಯವಾಗಲಿ, ಜಗತ್ತಿನ ಸಮಸ್ತ ವಾರ್ತೆಗಳೂ ಆ ಕಪ್ಪು-ಬಿಳಿಯ ಚೌಕಗಳ ಸುತ್ತ ಕಾಗದವು ವ್ಯರ್ಥವಾಗದಿರಲೆಂದು ಮುದ್ರಿಸಿದ ಅಂಚಿನ ಅಲಂಕಾರವಾಗಿಯೇ ತೋರುವುವು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕೃತಿಯ ಪದಬಂಧವನ್ನು ಅಚ್ಚುಹಾಕಿಸಿದ ಆರ್ಥರ್ ವಿನ್ ಎಂಬ ಪುಣ್ಯಾತ್ಮನಿಗೆ, ತಾನು ಎಷ್ಟು ಗೃಹಗಳ ಕಾಫಿಯನ್ನು ಆರಿಸಲಿರುವೆನೆಂಬ ಅರಿವು ಇದ್ದಿತೋ ಇಲ್ಲವೋ!

ಆಂಗ್ಲರಿಗೆ ಮನೆಗೊಂದು ಬಿಡಿ ಅಕ್ಷರವನ್ನು ಕೂರಿಸಿದರೆ ಮುಗಿಯಿತು. ನಮ್ಮಲ್ಲಾದರೋ ಅಕ್ಷರವು ಕಾಗುಣಿತ, ಒತ್ತುಗಳೊಡನೆ ಸಪರಿವಾರವಾಗಿ ಬಿಡಾರ ಹೂಡುವುದರಿಂದ, ಅಡ್ಡಸಾಲಿನಲ್ಲಿ ಬಂದಿಳಿದ ‘ಸ್ತ್ರೀ’ಯನ್ನು ಕೆಳಸಾಲಿನಲ್ಲಿಯೂ ಮರ್ಯಾದೆಯಿಂದ ನಡೆಸಿಕೊಳ್ಳಲು ಕಡೆಗೆ ಯಾರಾದರೂ ಶಾಸ್ತ್ರೀ ಮಹಾಶಯರೇ ಬಂದು ನಿಲ್ಲಬೇಕಾಗುತ್ತದೆ. ಇನ್ನು ಸುಳಿವುಗಳ ಕೌಟಿಲ್ಯವಂತೂ ವರ್ಣನಾತೀತ. ‘ತಿರುಗಿ ನಿಂತ ಅರಸನಿಗೆ ಮುಪ್ಪು’ ಎಂದಿದ್ದರೆ ‘ರಾಜ’ನನ್ನು ಹಿಂದುಮುಂದಾಗಿಸಿದೊಡನೆ ‘ಜರಾ’ ತಾನಾಗಿ ಎದುರು ನಿಲ್ಲುವಳು. ಈ ತಂತ್ರವನ್ನರಿಯದೆ ಯಯಾತಿಯ ವಂಶಾವಳಿಯನ್ನೆಲ್ಲ ಶೋಧಿಸಿ ಬಳಲಿದ ವಿದ್ವಾಂಸರುಂಟು. ಪಾಂಡಿತ್ಯವು ಇಲ್ಲಿ ಬಹುಮಟ್ಟಿಗೆ ಅಡಚಣೆಯೇ ಎಂದು ನನ್ನ ಮತ.

ರಚಿಸುವವರಿಗೂ ಸುಖವಿಲ್ಲ. 1944ರಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ಗೆ ಪದಬಂಧ ರಚಿಸುತ್ತಿದ್ದ ಲಿಯೊನಾರ್ಡ್ ಡಾವ್ ಎಂಬ ಮುಖ್ಯೋಪಾಧ್ಯಾಯರ ಚೌಕಗಳಲ್ಲಿ ‘ಯೂಟಾ’, ‘ಒಮಾಹಾ’, ‘ಓವರ್‌ಲಾರ್ಡ್’ ಎಂಬ, ನಾರ್ಮಂಡಿಯ ದಂಡಯಾತ್ರೆಯ ಪರಮರಹಸ್ಯ ಸಂಕೇತಗಳೇ ಒಂದರ ಹಿಂದೊಂದು ಉದಯಿಸಲು, ಗುಪ್ತಚರ ಅಧಿಕಾರಿಗಳು ಅವರನ್ನು ವಿಚಾರಣೆಗೆ ಗುರಿಪಡಿಸಿದರು. ಉತ್ತರಕ್ಕಾಗಿ ಮರುದಿನದ ಪತ್ರಿಕೆಯವರೆಗೆ ಕಾಯುವಷ್ಟು ಸಂಯಮ ಆ ಅಧಿಕಾರಿಗಳಿಗೆ ಇರಲಿಲ್ಲವೆಂದು ತೋರುತ್ತದೆ.