ವ್ಯೂ ಚೆನ್ನಾಗಿತ್ತು, ಅದಕ್ಕೇ ನಿಂತದ್ದು

ನೀವು ಸೈಕಲ್ ತಗೊಂಡ ವಿಷಯ ಊರಿಗೆಲ್ಲ ಗೊತ್ತುಂಟು ಮಾರಾಯ್ರೆ. ಇತ್ತೀಚೆಗೆ ನಿಮ್ಮ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹೆಂಡತಿ ಮಕ್ಕಳ ಮುಖ ಕಂಡದ್ದೇ ಇಲ್ಲ. ಬರೀ ಹ್ಯಾಂಡಲ್ಲು, ಅದರಾಚೆ ಸಮುದ್ರ, ಅದರಾಚೆ ಒಬ್ಬ ಸೂರ್ಯ. ಎಷ್ಟಾಯ್ತು ಅಂತ ಕೇಳಿದರೆ ಮಾತ್ರ ನಿಮ್ಮ ಸ್ವರ ಇಳಿಯುತ್ತದೆ. (ಮನೆಯಲ್ಲಿ ಹೇಳಿದ ರೇಟು ಬೇರೆ, ಅಂಗಡಿಯ ಬಿಲ್ಲು ಬೇರೆ. ಹೌದೋ ಅಲ್ವೋ?)

ಹೆದರಬೇಡಿ, ನಾನು ಬಾಯಿ ಬಿಡುವುದಿಲ್ಲ. ನನ್ನ ಸಂಶಯ ಬೇರೆಯೇ ಉಂಟು. ಆಗುಂಬೆ ಘಾಟಿ ಹತ್ತಿದೆ ಅಂತ ಮೊನ್ನೆ ಒಂದು ರಾಶಿ ಫೋಟೋ ಹಾಕಿದ್ರಲ್ಲ, ಅಷ್ಟರಲ್ಲೂ ಅದೇ ಕಾಡು, ಅದೇ ಕಣಿವೆ, ಅದೇ ನೀವು. ಅಷ್ಟು ಸಲ ಸೈಕಲ್ಲಿಂದ ಇಳಿದದ್ದು ಎಂತಕ್ಕೆ? ‘ವ್ಯೂ ಚೆನ್ನಾಗಿತ್ತು, ಅದಕ್ಕೇ ನಿಂತದ್ದು’ ಅಂದ್ರಿ. ಹ್ಞೂಂ. ವ್ಯೂ.

ಘಾಟಿಗೆ ಆಮೇಲೆ ಬರುವ. ನಿಮಗೆ ಕೋಡು ಮೂಡಿದ್ದು ಕೆಳಗೆ, ಕರಾವಳಿಯಲ್ಲಿ. ಕುಂದಾಪುರದಿಂದ ಹೆದ್ದಾರಿ 66 ಹಿಡಿದು ಬೆಳಿಗ್ಗೆ ಮರವಂತೆಗೆ ಹೋದಿರಿ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ, ನಡುವೆ ನೀವು ಮತ್ತು ನಿಮ್ಮ ಹೊಸ ಕೂಲಿಂಗ್ ಗ್ಲಾಸು. ಬನ್ಸು ತಿಂದು, ಹರಟೆ ಹೊಡೆದು, ಮಧ್ಯಾಹ್ನದ ಮೇಲೆ ದಕ್ಷಿಣಕ್ಕೆ ತಿರುಗಿದ್ದೇ ತಡ, ಸ್ಪೀಡು 30 ದಾಟಿತು. ‘ಕಾಲು ಪಳಗಿತು’ ಅಂತ ಎಣಿಸಿದ್ರಿ, ಅಲ್ವಾ?

ಕಾಲಲ್ಲ ಮಾರಾಯ್ರೆ, ಗಾಳಿ! ಬೇಸಿಗೆಯಲ್ಲಿ ನೆಲ ಕಾದ ಮೇಲೆ ನಮ್ಮ ಕಡಲಿನಿಂದ ವಾಯವ್ಯದ ಗಾಳಿ ಏಳುತ್ತದೆ, ದಕ್ಷಿಣಕ್ಕೆ ಹೋಗುವವನ ಬೆನ್ನಿಗೆ ಕೈ ಹಚ್ಚುತ್ತದೆ. ಅದೇ ಗಾಳಿಗೆ ಎದುರಾಗಿ ಬೈಂದೂರಿಗೆ ಹೋದ ದಿನ ಮಾತ್ರ ‘ಎಂಥಾ ಗಾಳಿ ಇವತ್ತು!’ ಅಂತ ಗೊಣಗಿದಿರಿ. ಹಿಂದಿನಿಂದ ಬಂದರೆ ಸ್ವಂತ ತಾಕತ್ತು, ಎದುರಿನಿಂದ ಬಂದರೆ ಹವಾಮಾನ. (ಆಫೀಸಿನಲ್ಲಿ ಪ್ರಮೋಷನ್ ಸಿಕ್ಕಾಗ, ಸಿಗದೇ ಇದ್ದಾಗಲೂ ನಿಮ್ಮದು ಇದೇ ಲೆಕ್ಕ. ಇರಲಿ ಬಿಡಿ.)

ಹಾಗಂತ ಕರಾವಳಿ ಎಲ್ಲ ಚಪ್ಪಟೆ ಅಂತಲೂ ಅಲ್ಲ. ಹೆದ್ದಾರಿ ಬಿಟ್ಟು ಒಳದಾರಿಗೆ ಇಳಿದು ನೋಡಿ. ಮುರಕಲ್ಲಿನ ಗುಡ್ಡ ಹತ್ತು, ತೋಟಕ್ಕೆ ಇಳಿ, ಹೊಳೆ ದಾಟು, ಪುನಃ ಗುಡ್ಡ ಹತ್ತು. ಉಡುಪಿಯಿಂದ ಇಂದ್ರಾಳಿ ಕಳೆದು ಮಣಿಪಾಲಕ್ಕೆ ಏರುವಾಗ ನೀವು ಬಾಯಿ ಬಿಟ್ಟುಕೊಂಡು ಹೋದದ್ದನ್ನು ನೋಡಿದವರಿದ್ದಾರೆ. ಹೆಲ್ಮೆಟ್ ಹಾಕಿದರೆ ಗುರ್ತ ಸಿಗುವುದಿಲ್ಲ ಅಂತ ಎಣಿಸಿದ್ರಾ?

ಸರಿ, ಗುಡ್ಡ ಹತ್ತಲು ಆಗದವನು ಏನು ಮಾಡಬೇಕು? ಹತ್ತಿ ಹತ್ತಿ ಅಭ್ಯಾಸ ಮಾಡಬೇಕು. ನೀವು ಏನು ಮಾಡಿದಿರಿ? ಅಂಗಡಿಗೆ ಹೋದಿರಿ. ಕಾರ್ಬನ್ ಫ್ರೇಮು ಒಂದು ಕಿಲೋ ಹಗುರ ಅಂತ ಅಂಗಡಿಯವನು ಹೇಳಿದ, ನೀವು ಕಾರ್ಡು ಕೊಟ್ಟಿರಿ. ಬನ್ನಿ, ಆ ಒಂದು ಕಿಲೋದ ಲೆಕ್ಕವನ್ನು ನಾವಿಬ್ಬರೇ ಕೂತು ಮಾಡುವ. (ಮನೆಯವರನ್ನು ಕರೀಬೇಡಿ.)

ಸೋಮೇಶ್ವರದಿಂದ ಆಗುಂಬೆಗೆ ಏರು ಸುಮಾರು 550 ಮೀಟರ್ ಅಂತ ಇಟ್ಟುಕೊಳ್ಳಿ. ಒಂದು ಕಿಲೋ ಭಾರವನ್ನು ಅಷ್ಟೆತ್ತರಕ್ಕೆ ಎತ್ತುವ ಕೆಲಸ 5.4 ಕಿಲೋಜೂಲ್. ದೇಹ ಸುಟ್ಟ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಪೆಡಲಿಗೆ ಹೋಗುತ್ತದೆ, ಮುಕ್ಕಾಲು ಬಿಸಿಯಾಗಿ ಹಾರುತ್ತದೆ. ಅದನ್ನೂ ಸೇರಿಸಿದರೆ ಐದಾರು ಕಿಲೋಕ್ಯಾಲರಿ. ಅಂದರೆ ಒಂದು ಮಾರಿ ಬಿಸ್ಕತ್ತಿನ ಕಾಲು ತುಂಡು! ನೀವು ಮತ್ತು ಸೈಕಲ್ಲು ಸೇರಿ 90 ಕಿಲೋ ಇದ್ದು, ಘಾಟಿಗೆ ಒಂದು ಗಂಟೆ ಹಿಡಿದರೆ, ಉಳಿಯುವುದು 40 ಸೆಕೆಂಡು.

ಆ 40 ಸೆಕೆಂಡಿಗೆ ಎಷ್ಟು ಸಾವಿರ ಕೊಟ್ಟಿರಿ ಅಂತ ನಾನು ಕೇಳುವುದಿಲ್ಲ. ಆದರೆ ಬೆಲ್ಟಿನ ಮೇಲೆ ಬಗ್ಗಿ ನೋಡುತ್ತಾ ಉಂಟಲ್ಲ ಒಂದು ಐದಾರು ಕಿಲೋ, ಅದು ಧರ್ಮಕ್ಕೆ ಇಳಿಯುವ ತೂಕ. ಮೇಲಾಗಿ ಕೆಳಗಿಂದಲೇ ಎರಡು ಬಾಟಲಿ ನೀರು ತುಂಬಿಸಿಕೊಂಡು ಹೊರಟಿರಿ. ಫ್ರೇಮಿನಲ್ಲಿ ಉಳಿಸಿದ್ದು ಬಾಟಲಿಯಲ್ಲಿ ವಾಪಸ್ ಬಂತು. (ನೀರು ಮಾತ್ರ ಬಿಡಬೇಡಿ, ನಮ್ಮ ಸೆಕೆ ನಿಮಗೆ ಗೊತ್ತುಂಟು.)

ಈಗ ಘಾಟಿಗೆ ಬನ್ನಿ. 14 ಹೇರ್‌ಪಿನ್ ತಿರುವು. ದೊಡ್ಡ ಬಸ್ಸು ತಿರುಗಲಾಗದೆ ಮಿನಿ ಬಸ್ಸು ಓಡುವ ದಾರಿ. ಮೊದಲ ತಿರುವನ್ನು ನಗುತ್ತಾ ದಾಟಿದಿರಿ. ಎರಡನೆಯದಕ್ಕೆ ಗೇರು ಇಳಿಸಿದಿರಿ. ಮೂರನೆಯದಕ್ಕೆ ಇನ್ನೊಂದು ಗೇರು ಇಳಿಸುವ ಅಂತ ಲಿವರ್ ಒತ್ತಿದರೆ, ಗೇರೇ ಉಳಿದಿಲ್ಲ! ಆಗ ನಿಮ್ಮ ಮುಖವನ್ನು ನಾನು ನೋಡಬೇಕಿತ್ತು.

ಒಂದು ಗುಟ್ಟು ಹೇಳ್ತೇನೆ, ಹತ್ತಿರ ಬನ್ನಿ. ಎಡಕ್ಕೆ ತಿರುಗುವ ಹೇರ್‌ಪಿನ್ನಿನಲ್ಲಿ ನಾವು ಒಳಬದಿಯಲ್ಲಿ ಇರುತ್ತೇವೆ, ಅಲ್ಲಿ ದಾರಿ ಗಿಡ್ಡ, ಏರು ಖಡಕ್ಕು. ಬಲಕ್ಕೆ ತಿರುಗುವಾಗ ಹೊರಬದಿ, ದಾರಿ ಉದ್ದ, ಏರು ಸಸಾರ. ಹಾಗಾಗಿ ಎಡ ತಿರುವಿಗೆ ಮೊದಲೇ ಗೇರು ಇಳಿಸಿ ಇಟ್ಟುಕೊಳ್ಳಬೇಕು, ಬಲ ತಿರುವಿನಲ್ಲಿ ಉಸಿರು ಹಿಂದೆ ಪಡೆಯಬೇಕು. ನೀವು? ಬಲ ತಿರುವು ಸಲೀಸಾಯ್ತು ಅಂತ ಎದ್ದು ನಿಂತು ತುಳಿದಿರಿ. ಯಾರಿಗೆ ತೋರಿಸಲು, ಮಂಗಗಳಿಗಾ?

ಹೌದು, ಮಂಗಗಳಿಗೇ. ತಿರುವು ತಿರುವಿನಲ್ಲಿ ಕೂತಿರುತ್ತವೆ, ಕಾರಿನವರ ಚಿಪ್ಸು ಕಾಯುತ್ತಾ. ನಿಮ್ಮ ಸ್ಪೀಡು ಆಗ ಗಂಟೆಗೆ ಎಂಟು ಕಿ.ಮೀ. ಗಾಳಿ ಸೀಳುವ ಹೆಲ್ಮೆಟ್ಟು ಅಂತ ತಂದಿರಲ್ಲ, ಸೀಳಲು ಗಾಳಿಯೇ ಇಲ್ಲ. ಸಮತಟ್ಟಿನಲ್ಲಿ ಜಗಳ ಗಾಳಿಯ ಜೊತೆ, ಇಲ್ಲಿ ಜಗಳ ಭೂಮಿಯ ಜೊತೆ. ಮೇಲಿಂದ ಮಳೆಕಾಡಿನ ತೇವ, ಬೆವರು ಆರುವುದೇ ಇಲ್ಲ. ಆಗ ಶುರುವಾಗುತ್ತದೆ ನೋಡಿ ನಿಮ್ಮ ನಾಟಕ.

ಮೊದಲು ನೀರು ಕುಡಿಯಲು ನಿಂತಿರಿ. ಆಮೇಲೆ ಚೈನಿನಲ್ಲಿ ಏನೋ ಸದ್ದು ಅಂತ ಬಗ್ಗಿದಿರಿ. (ಸದ್ದು ಬರುತ್ತಿದ್ದುದು ನಿಮ್ಮ ಎದೆಯಿಂದ.) ಆಮೇಲೆ ಶೂ ಲೇಸು. ನಿಮ್ಮ ಕ್ಲೀಟಿನ ಶೂವಿಗೆ ಲೇಸೇ ಇಲ್ಲ! ಆಮೇಲೆ ಮೊಬೈಲು ಕಿವಿಗಿಟ್ಟು ಹಲೋ ಹಲೋ ಅಂದಿರಿ, ಸಿಗ್ನಲ್ ಇಲ್ಲದ ಕಾಡಿನಲ್ಲಿ. ಕೊನೆಗೆ ಎಲ್ಲ ನೆಪ ಮುಗಿದು ಉಳಿದದ್ದು ವ್ಯೂ. ಸುಸ್ತಾಯ್ತು, ಇಳಿದೆ, ಅಂತ ಎರಡು ಮಾತು ಹೇಳಲು ಎಂಥಾ ಸಂಕಟ ನಿಮಗೆ?

ಲಾಪಿಜ್‌ನ ಕತೆ ಕೇಳಿದ್ದೀರಾ? 1910ರಲ್ಲಿ ಟೂರ್ ದ ಫ್ರಾನ್ಸ್ ನಡೆಸುವವರಿಗೆ ಹುಕಿ ಬಂತು, ಸವಾರರನ್ನು ಪಿರನೀಸ್‌ನ ದೊಡ್ಡ ಪರ್ವತಗಳಿಗೆ ಮೊದಲ ಸಲ ಹತ್ತಿಸಿದರು. ಅದರಲ್ಲಿ ತೂರ್ಮಲೆ ಅಂತ ಒಂದುಂಟು, 2,115 ಮೀಟರ್ ಎತ್ತರ. ಒಕ್ತಾವ್ ಲಾಪಿಜ್ ಅಲ್ಲಿ ಸೈಕಲ್ಲಿಂದ ಇಳಿದ, ಹ್ಯಾಂಡಲ್ ಹಿಡಿದು ತಳ್ಳಿಕೊಂಡು ನಡೆದ. ಇಳಿಯದೆ ಪೂರಾ ತುಳಿದವನು ಗುಸ್ತಾವ್ ಗಾರಿಗು.

ಆ ವರ್ಷದ ಟೂರ್ ಗೆದ್ದದ್ದು ಯಾರು ಹೇಳಿ? ತಳ್ಳಿಕೊಂಡು ಹೋದ ಲಾಪಿಜ್! ಇಳಿಯದ ಗಾರಿಗುಗೆ ಮೂರನೇ ಸ್ಥಾನ. ಟೂರ್ ಗೆದ್ದವನೇ ಹಗಲುಹೊತ್ತಿನಲ್ಲಿ, ಜನರ ಎದುರು, ತಳ್ಳಿಕೊಂಡು ಹೋಗಿದ್ದಾನೆ. ನೀವು ಆಗುಂಬೆಯ ಏಳನೇ ತಿರುವಿನಲ್ಲಿ ಒಂದು ಮಿನಿ ಬಸ್ಸು ಬಂತು ಅಂತ ಮರಕ್ಕೆ ಸೈಕಲ್ ಒರಗಿಸಿ ಪಕ್ಷಿವೀಕ್ಷಕರಾದಿರಿ.

ಅಂತೂ ಮೇಲೆ ಮುಟ್ಟಿದಿರಿ. ಸೂರ್ಯಾಸ್ತದ ಕಟ್ಟೆ, ಶಂಕರನಾಗ್ ‘ಮಾಲ್ಗುಡಿ ಡೇಸ್’ ತೆಗೆದ ಪೇಟೆ, ಹೋಟೆಲ್ಲು. ಘಾಟಿ ಹತ್ತಲು ನೀವು ಸುಟ್ಟದ್ದು ಹೆಚ್ಚೆಂದರೆ 500 ಕಿಲೋಕ್ಯಾಲರಿ. ತಿಂದದ್ದು? ಮೊದಲ ಪ್ಲೇಟಿಗೆ ಒಂದು ನ್ಯಾಯ ಉಂಟು. ಎರಡನೆಯದು ಸಂತೋಷಕ್ಕೆ. ಮೂರನೆಯದಕ್ಕೆ ಯಾವ ಘಾಟಿಯ ಹೆಸರು ಬರೆಸುತ್ತೀರಿ?

ಇಳಿಯುವಾಗ ಮಾತ್ರ ಸ್ವಲ್ಪ ಜಾಗ್ರತೆ ಮಾರಾಯ್ರೆ, ಇದು ತಮಾಷೆಯಲ್ಲ. ಬ್ರೇಕನ್ನು ಇಡೀ ಘಾಟಿ ಒತ್ತಿ ಹಿಡಿದರೆ ರಿಮ್ಮು ಕಾಯುತ್ತದೆ. ತಿರುವಿನ ಒಳಗೆ ಹೊಕ್ಕ ಮೇಲೆ ಒತ್ತಿದರೆ, ಒದ್ದೆ ಎಲೆಯ ಮೇಲೆ ಚಕ್ರ ಜಾರುತ್ತದೆ. ತಿರುವಿಗೆ ಮೊದಲೇ ಗಟ್ಟಿ ಒತ್ತಿ ಬಿಡಬೇಕು, ಕಣ್ಣು ಹೋಗಬೇಕಾದ ದಾರಿಯ ಮೇಲೆ ಇರಬೇಕು. ಹತ್ತುವಾಗ ನೀವು ತಡೆದು ನಿಂತದ್ದು ಒಳ್ಳೆಯದೇ, ಇಳಿಯುವಾಗಲೂ ಆ ವ್ಯೂ ಮೇಲೆ ಅಷ್ಟೇ ಪ್ರೀತಿ ಇಟ್ಟುಕೊಳ್ಳಿ.

ಮನೆ ಮುಟ್ಟಿ ಸ್ನಾನಕ್ಕಿಂತ ಮೊದಲು ಸ್ಟ್ರಾವಾ. ಆಟೋ ಪಾಝ್ ಹಾಕಿಟ್ಟಿದ್ರಿ, ನಿಂತ ಹೊತ್ತೆಲ್ಲ ಮಾಯ. ಆ್ಯಪ್‌ನ ಪ್ರಕಾರ ನೀವು ಘಾಟಿಯಲ್ಲಿ ನಿಂತದ್ದೇ ಇಲ್ಲ! ಬ್ರೆವೆ ಅಂತ ದೂರದ ಸವಾರಿ ಓಡಿಸುವವರ ಹತ್ತಿರ ಈ ಆಟ ನಡೆಯದು. ಅಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ಚಾ ಕುಡಿದರೂ, ಪಂಕ್ಚರ್ ಹಾಕಿದರೂ, ಬಸ್‌ಸ್ಟ್ಯಾಂಡಿನಲ್ಲಿ ಮಲಗಿದರೂ ಗಡಿಯಾರ ಓಡುತ್ತಲೇ ಇರುತ್ತದೆ. ಆದರೆ ಅಲ್ಲಿ ಮೊದಲ ಸ್ಥಾನವೂ ಇಲ್ಲ, ಹೊತ್ತಿಗೆ ಮುಟ್ಟಿದರೆ ಎಲ್ಲರೂ ಪಾಸು. ತಳ್ಳಿಕೊಂಡು ಬಂದವನಿಗೂ ಅದೇ ಮೆಡಲು.

ಹಾಗಾದರೆ ಮುಂದಿನ ಭಾನುವಾರ ಚಾರ್ಮಾಡಿಗೆ ಹೊರಡುವನಾ? ಮೇಲೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ಉಂಟು. ಉಜಿರೆಯಿಂದ ಬೆಳಿಗ್ಗೆ ಬೇಗ ಬಿಡುವ. ಸುಸ್ತಾದಲ್ಲಿ ಇಳಿಯುವ, ತಳ್ಳುವ, ಮುಚ್ಚುಮರೆ ಬೇಡ. ಅಕಸ್ಮಾತ್ ಪರಿಚಯದವರ ಕಾರು ಬಂದರೆ ಅಂತ ಒಂದು ಒಪ್ಪಂದ ಈಗಲೇ ಮಾಡಿಕೊಳ್ಳುವ: ಫೋಟೋ ತೆಗೆಯುವ ನೆಪ ನನಗೆ, ಚೈನಿನ ಸದ್ದು ನಿಮಗೆ.