ಮೆತ್ತಿಗೇರಿದ ಅಕ್ಕಿ ಚೀಲ

ನಮ್ಮ ಮನೆ ಇರುವುದು ಶಿರಸಿ-ಸಿದ್ದಾಪುರ ರಸ್ತೆಯಿಂದ ಒಳಗೆ, ಗುಡ್ಡದ ಓರೆಯಲ್ಲಿ. ಮೇಲೆ ಸೊಪ್ಪಿನಬೆಟ್ಟ, ಕೆಳಗೆ ತೋಟ, ತೋಟದ ಕೆಳಗೆ ಹಳ್ಳ. ಆ ಹಳ್ಳ ಉಕ್ಕಿ ನಮ್ಮ ಅಂಗಳಕ್ಕೆ ಬರಬೇಕೆಂದರೆ ಅಡಿಕೆ ಮರಗಳ ಕೊನೆ ಮುಳುಗಿಸಿಕೊಂಡೇ ಬರಬೇಕು. ಅಷ್ಟು ಹೊತ್ತಿಗೆ ಕುಮಟಾ, ಹೊನ್ನಾವರ ಭೂಪಟದಲ್ಲಿ ಇರುವುದಿಲ್ಲ. ಇಂಥ ಮನೆಯನ್ನು ನೆರೆಯಿಂದ ಕಾಪಾಡಲು ಹೊರಟವನು ನಾನು.

ಎಲ್ಲಾ ಶುರುವಾದದ್ದು ಮೊಬೈಲಿಗೆ ಬರುವ ಮಳೆ ಎಚ್ಚರಿಕೆಯ ಬಣ್ಣಗಳಿಂದ. ಹಳದಿಯೆಂದರೆ ಗಮನ ಇಡಿ, ಕಿತ್ತಳೆಯೆಂದರೆ ಸಜ್ಜಾಗಿ, ಕೆಂಪೆಂದರೆ ಕೆಲಸಕ್ಕಿಳಿಯಿರಿ. 24 ತಾಸಿನಲ್ಲಿ 204.4 ಮಿ.ಮೀ. ದಾಟಿದರೆ ಅದು ‘ಅತ್ಯಂತ ಭಾರೀ’ ಮಳೆ. ಒಂದು ಮಿಲಿಮೀಟರ್ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಇಡೀ ಅಂಗಳಕ್ಕೆ ಗುಣಿಸಿ ನೋಡಿದವನಿಗೆ ಬೆವರು ಬಂತು. ಅಪ್ಪಯ್ಯ ಕವಳ ಹಾಕುತ್ತಾ ಅದನ್ನು ತನ್ನ ಲೆಕ್ಕಕ್ಕೆ ಇಳಿಸಿಕೊಂಡ. “ಎಂಟು ಇಂಚು. ಪುಷ್ಯ ಮಳೆಲಿ ಇಪ್ಪುದೇಯ.”

ಬಣ್ಣ ಮೂರೇ ಆದರೂ ಯಾರಿಗೆ ಯಾವುದು ಎನ್ನುವುದು ಬಗೆಹರಿಯುವುದಿಲ್ಲ. ಹವಾಮಾನದ ವಿಭಾಗದಲ್ಲಿ ಉತ್ತರ ಕನ್ನಡ ಇರುವುದು ಕರಾವಳಿ ಕರ್ನಾಟಕದಲ್ಲಿ. ಹಾಗಾಗಿ ಘಟ್ಟದ ಮೇಲಿನ ನಾವೂ ಕರಾವಳಿಯವರೇ. ಭಟ್ಕಳದಿಂದ ಹಳಿಯಾಳದವರೆಗೆ ಒಂದೇ ಬಣ್ಣ ಬಳಿದರೆ, ನಿಲ್ಕುಂದದಲ್ಲಿ ಬಾಗಿಲು ತೆಗೆಯಲಾರದಂತೆ ಹೊಡೆಯುವ ಹೊತ್ತಿಗೆ ಬನವಾಸಿಯಲ್ಲಿ ಬಟ್ಟೆ ಒಣಗುತ್ತಿರಬಹುದು. ಮಕ್ಕಳು ಮಾತ್ರ ಗೊಂದಲಕ್ಕೆ ಬೀಳುವುದಿಲ್ಲ. ಅವರಿಗೆ ಇರುವುದು ಎರಡೇ ಬಣ್ಣ: ಜಿಲ್ಲಾಧಿಕಾರಿಗಳು ರಜೆ ಕೊಟ್ಟದ್ದು, ಕೊಡದೇ ಇದ್ದದ್ದು.

ಆ ದಿನ ಬೆಳಿಗ್ಗೆ ಟಿವಿಯಲ್ಲಿ ಕೆಂಪು, ಮೊಬೈಲಿನಲ್ಲಿ ಕಿತ್ತಳೆ. ವಾಟ್ಸಾಪಿನಲ್ಲಿ ಬಂದ ರಜೆಯ ಆದೇಶದಲ್ಲಿ ತಾರೀಕು ಸರಿಯಾಗಿತ್ತು, ಇಸವಿ ಹೋದ ವರ್ಷದ್ದು. ಲಿಂಗನಮಕ್ಕಿ 1819 ಅಡಿ ತಲುಪುತ್ತಿದೆ, ನದಿಪಾತ್ರದವರು ಸುರಕ್ಷಿತ ಸ್ಥಳಕ್ಕೆ ಹೋಗಿ ಎಂದು ಇನ್ನೊಂದು. ಅದು ಸಮುದ್ರಮಟ್ಟದಿಂದ ಅಳೆದ ಲೆಕ್ಕ, ಬಿಟ್ಟ ನೀರು ಜೋಗದಲ್ಲಿ ಧುಮುಕಿ ಹೊನ್ನಾವರದ ಕಡೆ ಹೋಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ಆದರೂ 1819 ಅಡಿ ನೀರನ್ನು ನೆಟ್ಟಗೆ ನಿಲ್ಲಿಸಿಕೊಂಡು ನೋಡಿದೆ. ಆಮೇಲೆ ಮೀನುಗಾರರು ಸಮುದ್ರಕ್ಕೆ ಇಳಿಯಬಾರದೆಂಬ ಸಂದೇಶ. ಏಳು ತಲೆಮಾರಿನಿಂದ ಮೀನು ಮುಟ್ಟದ ಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ.

“ಹಂಗಾರೆ ಇವತ್ತು ಇಳೀತ್ನಿಲ್ಲೆ ತಗ” ಎಂದ ಅಪ್ಪಯ್ಯ. “ಹೊಳ ಯಾವಾಗ ಬತ್ತು ಹೇಳಿ ಕೇಳು ಅದ್ರತ್ರ. ಮದ್ದು ಹೊಡೆಯವು.”

ಮೈಲುತುತ್ತ, ಸುಣ್ಣ ತಂದಿಟ್ಟು ಕೊನೆಗೌಡನಿಗೂ ಹೇಳಿಟ್ಟು, ಕೊಳೆರೋಗ ಬರುವ ಮೊದಲು ನಾಲ್ಕು ತಾಸಿನ ಹೊಳವಿಗೆ ಕಾಯುವವನಿಗೆ ಬೇಕಾದ ಬಣ್ಣ ಆ ಮೂರರಲ್ಲಿ ಇರಲಿಲ್ಲ.

ನೆರೆ ಬಂದಾಗ ಏನೇನು ಮಾಡಬೇಕೆಂಬ ಪಟ್ಟಿಯೊಂದನ್ನು ಬೆಂಗಳೂರಿನ ಭಾವ ಕಳಿಸಿದ್ದ. ಯಾವುದೋ ಬಯಲುಸೀಮೆಯ ನದಿ ದಡಕ್ಕೆ ಬರೆದದ್ದಿರಬೇಕು. ನಾನು ಅದನ್ನು ಶಾಸ್ತ್ರೋಕ್ತವಾಗಿ ಪಾಲಿಸಿದೆ. ದಿನಸಿಯನ್ನು ಎತ್ತರಕ್ಕೆ ಸಾಗಿಸಿ ಎಂದಿತ್ತು. ಅಕ್ಕಿ ಚೀಲ, ಬೇಳೆ ಡಬ್ಬ, ಬೆಲ್ಲ, ಆಯಿಯ ಹಪ್ಪಳದ ಕಟ್ಟು, ಪಹಣಿ ಪತ್ರಗಳ ಟ್ರಂಕು ಎಲ್ಲವೂ ಮೆತ್ತು ಹತ್ತಿದವು. ದನಗಳನ್ನು ಬಿಚ್ಚಿ ಎಂದಿತ್ತು, ಬಿಚ್ಚಿದೆ. ಅವು ನೇರ ಹೋಗಿ ಹೆಂಡತಿಯ ಆಂಥೂರಿಯಂ ಕುಂಡಗಳ ಮುಂದೆ ನಿಂತವು. ಆ ಮಾತು ಇಲ್ಲಿ ಬೇಡ.

ಮರಳಿನ ಚೀಲ ಒಡ್ಡಿ ಎಂದಿತ್ತು. ಮರಳು ಎಲ್ಲಿ ತರಲಿ? ಮನೆ ಹಿಂದೆ ಧರೆ ಇತ್ತು, ಕೈಯಲ್ಲಿ ಗುದ್ದಲಿ ಇತ್ತು. ಧರೆಯ ಬುಡದಲ್ಲಿ ಮೆತ್ತಗಿನ ಕೆಂಪು ಮಣ್ಣು ಅಗೆದು ಗೊಬ್ಬರದ ಖಾಲಿ ಚೀಲಗಳಿಗೆ ತುಂಬಿದೆ. ಒಂದಷ್ಟನ್ನು ಅಂಗಳದ ಅಂಚಿಗೆ ಒಡ್ಡಿದೆ. ಉಳಿದವು ದಾರಿಗೆ ಅಡ್ಡವಾಗುತ್ತವೆಂದು ಹಿತ್ತಲ ಗಟಾರದಲ್ಲಿ ಅಚ್ಚುಕಟ್ಟಾಗಿ ಜೋಡಿಸಿದೆ.

ಸಂಜೆ ಯಲ್ಲಾಪುರದ ತಂಗಿ ಫೋನು ಮಾಡಿದಳು. ಅವಳಿಗೆ ಬಣ್ಣದ ಸುದ್ದಿ ಬೇಡ. 2021ರ ಜುಲೈ ಮಳೆಯಲ್ಲಿ ಅವರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದದ್ದನ್ನೂ ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಒಯ್ದದ್ದನ್ನೂ ಹತ್ತಿರದಿಂದ ಕಂಡವಳು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜಾರಿದ ಮೇಲಂತೂ ಮಳೆಗಾಲದಲ್ಲಿ ಅವಳು ಆಕಾಶ ನೋಡುವುದನ್ನು ಬಿಟ್ಟು ಗುಡ್ಡ ನೋಡುತ್ತಾಳೆ. ಘಟ್ಟದ ಮೇಲಿನವರಿಗೆ ನೀರು ಹೊಳೆಯಿಂದ ಹತ್ತಿ ಬರುವುದು ಅಪರೂಪ. ನೆಂದು ಭಾರವಾದ ಮಣ್ಣು ಬೆನ್ನ ಹಿಂದಿನಿಂದ ಇಳಿಯುತ್ತದೆ, ಅದೂ ಬುಡ ಕಡಿದಲ್ಲಿ ಬೇಗ ಇಳಿಯುತ್ತದೆ.

“ಅಣ್ಣಾ, ಮನೆ ಹಿಂದಿನ ಧರೆ ನೋಡಿದ್ಯ?”

“ನೋಡದೆ ಎಂತ? ಮಣ್ಣು ಅಲ್ಲಿಂದಲೇ ತೆಗದ್ದಿ.”

ಅವಳು ಏನೋ ಕೂಗಿದಳು. ಅಷ್ಟರಲ್ಲಿ ಕರೆಂಟು ಹೋಯಿತು, ಹಿಂದೆಯೇ ನೆಟ್‌ವರ್ಕೂ ಹೋಯಿತು. ಆ ಕೂಗು ಪೂರ್ತಿ ಕೇಳಿಸದೇ ಇದ್ದದ್ದು ನನ್ನ ಪುಣ್ಯ.

ರಾತ್ರಿ ಮಳೆ ಕೆಂಪು ಬಣ್ಣದ ಮರ್ಯಾದೆ ಉಳಿಸಿತು. ನಾನು ಟಾರ್ಚು ಹಿಡಿದು ಅಂಗಳದ ಕಟ್ಟೆಯಲ್ಲಿ ಹಳ್ಳದ ಕಡೆ ಮುಖ ಮಾಡಿ ಕಾವಲು ಕೂತಿದ್ದೆ. ನೆರೆ ಹಿಂಬಾಗಿಲಿನಿಂದ ಬಂತು. ಗುಡ್ಡದ ನೀರು ಗಟಾರಕ್ಕೆ ಇಳಿದು, ಅಲ್ಲಿ ನನ್ನ ಚೀಲಗಳನ್ನು ಕಂಡು, ದಾರಿ ಬದಲಿಸಿ ಬಚ್ಚಲಿಗೆ ಹೊಕ್ಕು, ಅಲ್ಲಿಂದ ಅಡಿಗೆಮನೆಗೆ ಬಂದಿತ್ತು. ಅದನ್ನು ನೋಡಲು ಎದ್ದವನಿಗೆ ಮೆತ್ತಿನ ಮೇಲೆ ಟಪ್ ಟಪ್ ಸದ್ದು ಕೇಳಿತು. ಮಂಗಗಳು ಹಂಚು ಸರಿಸಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. ಅದಕ್ಕೇ ಅಲ್ಲಿ ಯಾರೂ ಏನೂ ಇಡುತ್ತಿರಲಿಲ್ಲವಂತೆ. ಸರಿಯಾಗಿ ಆ ಸಂದಿಯ ಕೆಳಗೆ ಅಕ್ಕಿ ಚೀಲ ಇಟ್ಟಿದ್ದೆ.

ಅಪ್ಪಯ್ಯ ಕಂಬಳಿಕೊಪ್ಪೆ ಸೂಡಿ ಹೊರಗೆ ಹೋದ. ಹಾರೆಯಿಂದ ಚೀಲಗಳನ್ನು ಒಂದೊಂದಾಗಿ ಮೀಟಿ ಗಟಾರ ಬಿಡಿಸಿದ. ನೀರು ಹಳೆಯ ದಾರಿ ಹಿಡಿಯಿತು. ಬೆಳಕು ಹರಿದಾಗ ನೋಡಿದರೆ ನಾನು ಅಗೆದ ಜಾಗದ ಮೇಲೆ ಧರೆ ಒಂದು ಗಾಡಿಯಷ್ಟು ಜಾರಿ, ಕಟ್ಟಿಗೆ ಮಾಡನ್ನು ಅರ್ಧ ಮುಚ್ಚಿ ನಿಂತಿತ್ತು. ಮನೆಯ ಗೋಡೆಗೆ ಇನ್ನೂ ಮೂರು ಮಾರು ದೂರವಿತ್ತು. ಎಲ್ಲರೂ ಅದನ್ನೇ ನೋಡುತ್ತಾ ನಿಂತರು, ನಾನು ಹಳ್ಳದ ಕಡೆ ನೋಡಿದೆ. ಅದು ತನ್ನ ಪಾತ್ರದಲ್ಲೇ ಇತ್ತು.

ಒಂಬತ್ತರ ಹೊತ್ತಿಗೆ ಬಿಸಿಲು ಬಂತು, ನೆಟ್‌ವರ್ಕೂ ಬಂತು. ತಡೆದಿದ್ದ ಎಚ್ಚರಿಕೆಗಳೆಲ್ಲ ಒಟ್ಟಿಗೆ ಕುಂಯ್‌ಗುಟ್ಟಿದವು. ಭಾವನೂ ಕೇಳಿದ್ದ: ಪಟ್ಟಿ ಉಪಯೋಗಕ್ಕೆ ಬಂತಾ?

ಮಧ್ಯಾಹ್ನ ಹಾನಿ ನೋಡಿಹೋಗಲು ಊರ ಕಡೆಯಿಂದ ಒಬ್ಬರು ಬಂದರು. ಧರೆಯ ಫೋಟೋ ತೆಗೆದು, ಕಾರಣ ಏನೆಂದು ಬರೆಯಲಿ ಎಂದು ಕೇಳಿದರು.

“ಮಗ ಹೇಳಿ ಬರೆದ್ಕಳಿ” ಎಂದ ಅಪ್ಪಯ್ಯ.

ಅವರು ನನ್ನ ಮುಖ ನೋಡಿದರು, ‘ಅತಿವೃಷ್ಟಿ’ ಎಂದು ಬರೆದುಕೊಂಡರು, ಆಯಿ ಕೊಟ್ಟ ಕಷಾಯ ಕುಡಿದು ಹೋದರು.